ಕರೆಂಟು ಕಂಬಳಿ ಹೊದ್ದ ಭಾವ

ನಮ್ಮ ಭಾವ ದೆವ್ವವಾಗಿದ್ದು ಸಾಯುವುದಕ್ಕೆ ಎರಡು ವರ್ಷ ಮೊದಲು. ನಂಬಿಕೆ ಬಾರದಿದ್ದರೆ ಐ.ಡಿ.ಹಳ್ಳಿಯ ಆಚೆ ಯಾರನ್ನಾದರೂ ಕೇಳಿ ನೋಡಿ. ಸತ್ತ ಮೇಲೆ ದೆವ್ವವಾಗುವುದು ಯಾರಿಗೆ ಬೇಕಾದರೂ ಸಾಧ್ಯ. ದಿನಕ್ಕೆ ಎರಡು ಹೊತ್ತು ಮುದ್ದೆ ಉಂಡು, ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಾ, ಇನ್ಶೂರೆನ್ಸ್ ಇರುವ ಬೈಕಿನ ಮೇಲೆ ಓಡಾಡಿಕೊಂಡು ದೆವ್ವವಾಗುವುದಕ್ಕೆ ಒಂದು ಯೋಗ್ಯತೆ ಬೇಡವೇ?

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಮಧುಗಿರಿಯಲ್ಲಿ. ಅವರು ಪೂಜೆ ಮಾಡುತ್ತಿದ್ದ ಈಶ್ವರನ ಗುಡಿ ಮಾತ್ರ ಐ.ಡಿ.ಹಳ್ಳಿ ದಾಟಿ, ಪಾವಗಡದ ಕಡೆಗೆ, ದೊಡ್ಡ ಬಂಡೆಯ ಬುಡದ ಒಂದು ಪುಟ್ಟ ಹಳ್ಳಿಯಲ್ಲಿ. ಸೂರ್ಯ ಹುಟ್ಟುವ ಮೊದಲು ಅಲ್ಲಿ ದೀಪ ಹಚ್ಚಬೇಕು. ಒಂದು ದಿನ ತಪ್ಪಿದರೂ ಪೂಜೆಯ ಹಕ್ಕು ಬೇರೆ ಮನೆತನಕ್ಕೆ ಹೋಗುತ್ತದೆಂಬುದು ಆ ಊರಿನ ಹಳೆಯ ಕಟ್ಟಳೆ. ಭಾವನ ತಾತ ತಪ್ಪಿಸಿರಲಿಲ್ಲ, ಅಪ್ಪ ತಪ್ಪಿಸಿರಲಿಲ್ಲ. ಮನೆಯಲ್ಲಿ ಸೂತಕ ಬಂದರೆ ಭಾವನೇ ಮುಂದಾಗಿ ಸಿರಾದಿಂದ ಬೇರೊಬ್ಬ ಅರ್ಚಕರನ್ನು ಗೊತ್ತುಮಾಡಿ ಕಳಿಸುತ್ತಿದ್ದರು. ಹಾವಿಗೆ, ಹಲ್ಲಿಗೆ, ಸಾಲಗಾರನಿಗೆ ಹೆದರದ ಮನುಷ್ಯನಿಗೆ ಇದ್ದ ಭಯ ಒಂದೇ: ತನ್ನ ಕಾಲದಲ್ಲಿ ದೀಪ ತಪ್ಪಿತು ಅನ್ನಿಸಿಕೊಳ್ಳಬಾರದು.

ನಲವತ್ತೈದು ದಾಟಿದ ಮೇಲೆ ಅವರ ಬೆರಳುಗಳು ಚಳಿಗೆ ಸುಣ್ಣದ ಕಡ್ಡಿಯಂತೆ ಬೆಳ್ಳಗಾಗತೊಡಗಿದವು. ಮುಟ್ಟಿದರೆ ಹೆಣದ ಕೈ ಮುಟ್ಟಿದ ಹಾಗೆ. ಒಂದು ಬೆಳಿಗ್ಗೆ ಮಂಗಳಾರತಿ ತಟ್ಟೆ ಹಿಡಿದದ್ದೇ ತಿಳಿಯದೆ ಕೈಬಿಟ್ಟರು. ತುಮಕೂರಿನ ಡಾಕ್ಟರು ನೋಡಿ, "ರಕ್ತ ಬೆರಳ ತುದಿಗೆ ಹೋಗ್ತಿಲ್ಲ, ಬೆಳಗಿನ ಚಳೀಲಿ ಗಾಡಿ ಓಡಿಸೋದು ನಿಲ್ಲಿಸಿ" ಎಂದರು.

"ಶಿವನಿಗೆ ಹತ್ತು ಗಂಟೆಗೆ ಏಳೋಕೆ ಹೇಳಲಾ ಡಾಕ್ಟ್ರೇ?" ಎಂದು ಕೇಳಿ ಭಾವ ಎದ್ದು ಬಂದರು.

ಬಂದವರು ನೇರವಾಗಿ ನನ್ನ ಅಂಗಡಿಗೇ ಬಂದರು. ಐಟಿಐ ಓದಿದ ನಾನು ಮಧುಗಿರಿಯಲ್ಲಿ ಬೈಕುಗಳ ವೈರಿಂಗ್ ಕೆಲಸ ಮಾಡಿಕೊಂಡಿದ್ದೇನೆ. ಲಡಾಖಿಗೆ ಹೋಗುವವರು ಹಾಕಿಕೊಳ್ಳುವ ಬಿಸಿ ಜಾಕೆಟ್ಟಿನ ವಿಷಯ ಹೇಳಿದೆ. ಒಳಗೆ ತಂತಿ ಇರುತ್ತದೆ, ಬೈಕಿನ ಬ್ಯಾಟರಿಗೆ ಸಿಗಿಸಿದರೆ ಮೈ ಬೆಚ್ಚಗಾಗುತ್ತದೆ, ತರಿಸಲೇ ಎಂದೆ.

"ಎಲ್ಲಿ ಹೊಲಿದರೋ, ಎಂದು ಒಗೆದರೋ! ಸ್ನಾನ ಮಾಡಿ ಮಡಿಯುಟ್ಟು ಅದನ್ನ ತೊಡೋದಾ? ಉಣ್ಣೆಗೆ ಮೈಲಿಗೆ ಇಲ್ಲ ಕಣಯ್ಯ. ಕಂಬಳಿಯನ್ನೇ ಬಿಸಿ ಮಾಡು."

"ಕರೆಂಟಿಗೆ ಮೈಲಿಗೆ ಇಲ್ವಾ ಭಾವ?"

ಭಾವ ಎರಡು ದಿನ ಯೋಚಿಸಿ ಬಂದು, "ಅದು ಅಗ್ನಿ. ಅಗ್ನಿಗೆಂಥ ಮೈಲಿಗೆ?" ಎಂದು ತೀರ್ಪು ಕೊಟ್ಟರು.

ಗುಡಿಯ ಊರಿನಲ್ಲೇ ಈರಜ್ಜ ಎಂಬ ಕುರಿ ಕಾಯುವವನಿದ್ದ. ಕಂಬಳಿಯನ್ನೂ ತಾನೇ ನೇಯುತ್ತಿದ್ದ. ಕರಿ ಕಂಬಳಿ ಕೊಡುತ್ತಾ, "ಕುರಿ ಮೈಮ್ಯಾಗೆ ಇದ್ದಾಗ ಇದ್ಕೆ ಯಾವ ವೈರೂ ಇರ್ಲಿಲ್ಲ ಐನೋರೇ. ಕುರಿಗೇನು ಚಳಿ ಆಯ್ತಾ?" ಎಂದನಂತೆ. ತಂತಿಯನ್ನು ನಾನು ತರಿಸಿದೆ. ಅಕ್ಕ ದಬ್ಬಣ ಹಿಡಿದು ಕಂಬಳಿಯ ಉದ್ದಕ್ಕೂ ಹೊಲಿದಳು. "ಇನ್ಮೇಲೆ ಇವರ ಪಂಚೆಗೆ ಇಸ್ತ್ರಿ ಮಾಡೋ ಕೆಲಸ ಇಲ್ಲ ಕಣೋ, ಉಟ್ಟಲ್ಲೇ ಆಗ್ತದೆ" ಎಂದು ನಕ್ಕಳು.

ತೊಂದರೆ ಬಂದದ್ದು ಬೈಕಿನಿಂದ. ಹಳೆಯ ನೂರು ಸಿಸಿ ಗಾಡಿ. ಅದರ ಕಾಯಿಲ್ ಹುಟ್ಟಿಸುವ ಕರೆಂಟು ಹೆಡ್‌ಲೈಟಿಗೇ ಸರಿಹೋಗುತ್ತಿತ್ತು. ಕಂಬಳಿಯನ್ನೂ ಕೂಡಿಸಿದರೆ ಬ್ಯಾಟರಿ ಮೂರೇ ದಿನಕ್ಕೆ ಮಲಗುತ್ತಿತ್ತು. ಕೊನೆಗೆ ಒಂದು ಸ್ವಿಚ್ ಹಾಕಿದೆ. ಈ ಕಡೆ ಒತ್ತಿದರೆ ಹೆಡ್‌ಲೈಟು, ಆ ಕಡೆ ಒತ್ತಿದರೆ ಕಂಬಳಿ ಮತ್ತು ಹ್ಯಾಂಡಲ್ಲಿಗೆ ಸುತ್ತಿದ ತಂತಿ. ಯಾವುದಾದರೂ ಒಂದು.

"ದಾರಿ ನನಗೆ ಬಾಯಿಪಾಠ. ಕಂಬಳಿಗೇ ಕೊಡು" ಎಂದರು ಭಾವ.

ಕಂಬಳಿಗೆ ಕರೆಂಟು ಹರಿಯುತ್ತಿದೆಯೋ ಇಲ್ಲವೋ ತಿಳಿಯಲೆಂದು ಎದೆಯ ಹತ್ತಿರ ಒಂದು ಸಣ್ಣ ಕೆಂಪು ದೀಪ ಕೂರಿಸಿದೆ. ಆ ಊರಿಗೊಂದು ದೆವ್ವವನ್ನು ತಯಾರು ಮಾಡಿಕೊಟ್ಟವನು ನಾನೇ ಎಂದು ಆಗ ನನಗೇನು ಗೊತ್ತು!

ಮೊದಲ ತಿಂಗಳು ದಿನಕ್ಕೊಂದು ಫ್ಯೂಸ್ ಹೋಯಿತು. ತಂತಿ ಬಿಚ್ಚಿ ನೋಡಿದೆ, ಸರಿಯಾಗಿತ್ತು. ಸ್ವಿಚ್ ಬದಲಾಯಿಸಿದೆ. ಮತ್ತೆ ಹೋಯಿತು. ಕೊನೆಗೆ ಒಂದು ಬೆಳಿಗ್ಗೆ ಅವರ ಮನೆಯ ಮುಂದೆಯೇ ನಿಂತೆ. ಭಾವ ಸ್ನಾನ ಮುಗಿಸಿ ಬಂದರು. ಪಂಚಪಾತ್ರೆಯಿಂದ ಉದ್ಧರಣೆಯಲ್ಲಿ ನೀರು ತೆಗೆದು ಸೀಟಿಗೆ, ಹ್ಯಾಂಡಲ್ಲಿಗೆ, ಆಮೇಲೆ ಪಕ್ಕದ ಮುಚ್ಚಳ ತೆಗೆದು ಬ್ಯಾಟರಿಗೆ, ಫ್ಯೂಸಿಗೆ, ಒಂದೊಂದಕ್ಕೂ ಮೂರು ಮೂರು ಸಲ ಭಕ್ತಿಯಿಂದ ಪ್ರೋಕ್ಷಣೆ ಮಾಡಿದರು.

"ಭಾವ! ಏನ್ ಮಾಡ್ತಿದೀರಿ?"

"ನೀನು ಎಗ್ ಪಫ್ ತಿಂದ ಕೈಲಿ ಮುಟ್ಟಿರ್ತೀಯ. ಶುದ್ಧಿ ಮಾಡಬೇಡ್ವಾ?"

ಅಂದಿನಿಂದ ನಾನು ಅವರ ಗಾಡಿ ಮುಟ್ಟುವ ದಿನ ಸ್ನಾನ ಮಾಡಿ, ಎಗ್ ಪಫ್ ಬಿಟ್ಟು ಮುಟ್ಟಿದೆ. ಫ್ಯೂಸ್ ಹೋಗುವುದು ನಿಂತಿತು. ಇಂಥ ರಿಪೇರಿಯನ್ನು ಯಾವ ಐಟಿಐ ಕಲಿಸುತ್ತದೆ ಹೇಳಿ?

ಪುಷ್ಯ ಮಾಸ ಬಂತು. ನಮ್ಮ ಕಡೆ ಆಗ ಬೀಳುವ ಮಂಜಿನಲ್ಲಿ ಮಧುಗಿರಿಯ ಬೆಟ್ಟವೇ ಕಾಣದಾಗುತ್ತದೆ. ಅಷ್ಟು ದೊಡ್ಡ ಬಂಡೆ ಕಾಣೆಯಾದ ಮೇಲೆ ಒಬ್ಬ ಪೂಜಾರಿಯ ಗತಿ ಏನು? ಐ.ಡಿ.ಹಳ್ಳಿಯಾಚೆ ಸುದ್ದಿ ಹುಟ್ಟಿತು. ಹುಣಸೆಮರದ ತಿರುವಿನಲ್ಲಿ ನಸುಕಿಗೆ ಒಂದು ಬರುತ್ತದೆ. ತಲೆ ಇಲ್ಲ, ಮೈಯೆಲ್ಲ ಕಪ್ಪು, ಎದೆಯಲ್ಲಿ ಒಂದು ಕೆಂಡ. ಗುಂಯ್ ಎಂದು ನರಳುತ್ತಾ ಹೋಗುತ್ತದೆ. ಹೊಲಕ್ಕೆ ನೀರು ಬಿಡಲು ಹೋದವನೊಬ್ಬ ಜ್ವರ ಬಂದು ಮಲಗಿದ.

ಊರವರು ದೆವ್ವ ಕಟ್ಟಿಸಲು ಯಾರನ್ನು ಕರೆದರೆನ್ನುತ್ತೀರಿ? ನಮ್ಮ ಭಾವನನ್ನೇ! ಭಾವ ಶ್ರದ್ಧೆಯಿಂದ ಒಪ್ಪಿ, ಹುಣಸೆಮರದ ಬುಡದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ನಿಂಬೆಹಣ್ಣು ಕುಯ್ದು ದಿಗ್ಬಂಧನ ಹಾಕಿದರು. ಮನೆಗೆ ಬಂದು ಅಕ್ಕನ ಹತ್ತಿರ, "ಘೋರವಾದದ್ದು ಕಣೆ. ಮಂತ್ರ ಹೇಳುವಾಗ ನನ್ನ ಮೈಯೇ ಬಿಸಿಯಾಯ್ತು" ಎಂದರಂತೆ. ಬೈಕಿನ ಮೇಲೆ ಕೂತೇ ಮಂತ್ರ ಹೇಳಿದ್ದರು, ಕಂಬಳಿಯ ಸ್ವಿಚ್ ಆರಿಸಿರಲಿಲ್ಲ.

ಮಾರನೆಯ ದಿನ ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನು ಜೊತೆಗೆ ಕರೆದರು. ನಾನು ನನ್ನ ಬೈಕಿನಲ್ಲಿ ಮುಂದೆ, ಅವರು ಹಿಂದೆ. ಮಂಜು ಎಷ್ಟಿತ್ತೆಂದರೆ ನನ್ನ ಬೈಕಿನ ಬೆಳಕು ಮುಂದೆ ಗೋಡೆಗೆ ಬಡಿದಂತೆ ನಿಂತುಬಿಡುತ್ತಿತ್ತು. ತಿರುವಿನಲ್ಲಿ ಕನ್ನಡಿ ನೋಡಿದೆ. ಹಿಂದೆ ಭಾವ ಇರಲಿಲ್ಲ. ಬಿಳಿಯ ಮಂಜಿನಲ್ಲಿ, ನೆಲದಿಂದ ಎದೆಯೆತ್ತರದಲ್ಲಿ, ಒಂದು ಕೆಂಪು ಚುಕ್ಕಿ ತೇಲಿ ಬರುತ್ತಿತ್ತು. ಅದರ ಸುತ್ತ ಯಾರೂ ಇರಲಿಲ್ಲ. ಸಾಲದ್ದಕ್ಕೆ ನರಳುವ ದನಿ. ತಂತಿ ಜೋಡಿಸಿದವನು ನಾನು, ದೀಪ ಕೂರಿಸಿದವನು ನಾನು, ಚಳಿಗೆ ಹಲ್ಲು ಕಚ್ಚಿ ಭಾವ ತಲೆಯ ಮೇಲೆ ಎಳೆದುಕೊಂಡ ಕಂಬಳಿಯೊಳಗೇ ರುದ್ರ ಹೇಳುವುದೂ ನನಗೆ ಗೊತ್ತು. ಆದರೂ ಆ ಕ್ಷಣ ನಾನು ಗಾಡಿಯ ವೇಗ ಹೆಚ್ಚಿಸಿದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಗುಡಿಯ ಹತ್ತಿರ ವಿಷಯ ಹೇಳಿದೆ. ಭಾವ ಕಂಬಳಿ ಬಿಚ್ಚಿ ಕೆಂಪು ದೀಪವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹಾಗಾದರೆ ನಾನು ನನಗೇ ದಿಗ್ಬಂಧನ ಹಾಕ್ಕೊಂಡೆನಾ?"

"ಹೂಂ ಭಾವ."

"ನಲವತ್ತೆಂಟು ದಿನದ ಕಟ್ಟು ಕಣಯ್ಯ ಅದು. ದಾಟಬಾರದು."

"ಈಗ ತಾನೇ ದಾಟಿ ಬಂದ್ರಲ್ಲ!"

"ಗೊತ್ತಿಲ್ದೆ ದಾಟಿದ್ದಕ್ಕೆ ದೋಷವಿಲ್ಲ" ಎಂದವರೇ ಅಂದಿನಿಂದ ರಸ್ತೆ ಬಿಟ್ಟು, ಕಡಲೆಕಾಯಿ ಹೊಲದ ಬದುವಿನ ಮೇಲೆ ಬೈಕು ಓಡಿಸತೊಡಗಿದರು. ನಲವತ್ತೆಂಟು ದಿನ ಕಳೆದ ಮೇಲೂ ಬದುವನ್ನು ಬಿಡಲಿಲ್ಲ. ತಮ್ಮ ಮಂತ್ರದ ಮೇಲೆ ಅವರಿಗೆ ಅಷ್ಟು ನಂಬಿಕೆ. ದೆವ್ವ ದಾರಿ ಬಿಟ್ಟು ಹೊಲಕ್ಕಿಳಿಯಿತೆಂದು ಊರವರು ಭಾವನಿಗೆ ಶಾಲು ಹೊದಿಸಿದರು! ಯಾರಿಗೂ ಹೇಳಬೇಡವೆಂದು ಭಾವ ನನ್ನಿಂದ ಮಾತು ತೆಗೆದುಕೊಂಡರು.

ಈ ವರ್ಷದ ಚಳಿಗಾಲದಲ್ಲಿ, ಒಂದು ಸಂಜೆ ಕಾಫಿ ಕುಡಿಯುತ್ತಾ ಕೂತಿದ್ದವರು ಲೋಟ ಕೆಳಗಿಟ್ಟು ಗೋಡೆಗೆ ಒರಗಿದರು. ಅಷ್ಟೇ. ಕಂಬಳಿ ಆವತ್ತು ನನ್ನ ಅಂಗಡಿಯಲ್ಲಿತ್ತು, ತಂತಿ ಒಂದು ಕಡೆ ಬಿಟ್ಟುಕೊಂಡಿತ್ತೆಂದು ಬೆಳಿಗ್ಗೆಯಷ್ಟೇ ಕೊಟ್ಟು ಹೋಗಿದ್ದರು. ಐದಾರು ದಿನದ ಮೇಲೆ ಅಂಗಡಿಯ ಬಾಗಿಲು ತೆಗೆದೆ. ಮೊಳೆಗೆ ನೇತುಹಾಕಿದ್ದ ಕಂಬಳಿಯ ಭುಜ ಅವರ ಭುಜದ ಆಕಾರದಲ್ಲೇ ಇತ್ತು. ಕೈ ಇಟ್ಟೆ. ಬೆಚ್ಚಗಿತ್ತು. ಯಾವ ಬ್ಯಾಟರಿಗೂ ಸಿಗಿಸಿರಲಿಲ್ಲ. ಮೇಲಿನ ಶೀಟಿನ ಕಾವು ಇರಬೇಕೆಂದು ನನಗೆ ನಾನೇ ಹೇಳಿಕೊಂಡು ಬಾಗಿಲು ಹಾಕಿ ಬಂದೆ.

ಹದಿನಾಲ್ಕನೆಯ ದಿನ ನಸುಕಿನಲ್ಲಿ ಅಕ್ಕ ದೇವರ ಗೂಡು ಒರೆಸುತ್ತಿದ್ದವಳು ಚೀರಿದಳು. "ಲೋ, ದೀಪ! ಗುಡಿ ದೀಪ ಕಣೋ!"

ನಮಗೆ ಯಾರಿಗೂ ನೆನಪಾಗಿರಲಿಲ್ಲ. ಸೂತಕಕ್ಕೆ ಬೇರೆ ಅರ್ಚಕರನ್ನು ಗೊತ್ತುಮಾಡುತ್ತಿದ್ದವರು ಭಾವ. ಈ ಸಲ ಗೊತ್ತುಮಾಡುವವರೇ ಹೋಗಿದ್ದರು. ಮುಂದಕ್ಕೆ ಪೂಜೆಗೆ ಬರುತ್ತೇನೆಂದು ಭಾವನ ತಮ್ಮ ಒಪ್ಪಿದ್ದರೇನೋ ನಿಜ. ಕಳೆದ ದಿನಗಳನ್ನು ಯಾರು ತಂದುಕೊಡುತ್ತಾರೆ? "ಅವರ ಕಾಲಕ್ಕೇ ತಪ್ಪಿಸಿಬಿಟ್ಟೆನಲ್ಲೋ" ಎಂದು ಅಕ್ಕ ತಲೆ ಚಚ್ಚಿಕೊಂಡಳು. ಈಗಲೇ ಹೊರಗೆ ಹೋಗಬಾರದೆಂದ ಹಿರಿಯರ ಮಾತು ಕೇಳದೆ ನನ್ನ ಬೈಕಿನ ಹಿಂದೆ ಕೂತಳು. ದಾರಿಯುದ್ದಕ್ಕೂ ಅದೇ ಮಂಜು. ನಾನು ಕನ್ನಡಿ ನೋಡಲಿಲ್ಲ.

ಗುಡಿಯಲ್ಲಿ ದೀಪ ಉರಿಯುತ್ತಿತ್ತು.

ಕಟ್ಟೆಯ ಮೇಲೆ ಈರಜ್ಜ ಕೋಲಿಗೆ ಗದ್ದ ಊರಿ ಕೂತಿದ್ದ.

"ಯಾರಜ್ಜ ಹಚ್ಚಿದ್ದು?" ಎಂದೆ.

"ಇನ್ಯಾರು? ಐನೋರು."

ನಾನು ತಿರುಗಿ ಹೊಲದ ಕಡೆ ನೋಡಿದೆ.

"ದಿನಾ ಬತ್ತಾವ್ರೆ ಕಣಪ್ಪ. ಅದೇ ಕೆಂಪು ದೀಪ, ಅದೇ ಬದುವಿನ ಮ್ಯಾಲೆ. ಬಂದು ಹಚ್ಬುಟ್ಟು ಓಯ್ತಾರೆ. ಒಂದಿನಾನೂ ತಪ್ಸಿಲ್ಲ."

ಕೊಡ ಹೊತ್ತು ಹೋಗುತ್ತಿದ್ದ ಹೆಂಗಸು ನಿಂತು, "ಹೂಂ ಕಣಣ್ಣ, ನಾನೂ ನೋಡ್ದೆ" ಎಂದಳು. ಅವಳ ಹಿಂದೆ ಬಂದವನೂ ಅದನ್ನೇ ಹೇಳಿದ, ಅದೇ ಮಾತುಗಳಲ್ಲಿ.

ನಾನು ಯಾರಿಗೂ ಹೇಳಿರಲಿಲ್ಲ. ಹಾಗಾದರೆ ಕೆಂಪು ದೀಪದ ದೆವ್ವ ಯಾರೆಂದು ಊರಿಗೆಲ್ಲ ಎಂದಿನಿಂದಲೋ ಗೊತ್ತಿತ್ತು!

ದೀಪದ ಹತ್ತಿರ ಬಗ್ಗಿದೆ. ಭಾವ ಎಳ್ಳೆಣ್ಣೆ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಇದು ಕಡಲೆಕಾಯಿ ಎಣ್ಣೆಯ ವಾಸನೆ. ಹಣತೆ ಇದ್ದದ್ದು ಹೊಸಿಲ ಹೊರಗೆ, ಒಳಗೆ ಕಾಲಿಡಬಾರದವರು ಕೈಚಾಚಿ ಇಟ್ಟಂತೆ. ಬತ್ತಿ ಯಾವುದೋ ಟವೆಲಿನ ಅಂಚು ಹರಿದು ಹೊಸೆದದ್ದು. ಈರಜ್ಜನ ಹೆಗಲ ಟವೆಲಿಗೆ ಒಂದು ಕಡೆಯ ಅಂಚು ಇರಲಿಲ್ಲ.

ಅಕ್ಕ ಆ ಟವೆಲನ್ನು ನೋಡಿದಳು, ಹಣತೆಯನ್ನು ನೋಡಿದಳು. ಏನೂ ಕೇಳುವುದಿಲ್ಲವೆಂದುಕೊಂಡೆ. ಕೇಳಿದಳು.

"ಅಜ್ಜಾ, ಚಳಿಗೆ ನಡುಗ್ತಿದ್ರಾ?"

ಈರಜ್ಜ ಮಂಜು ಕವಿದ ಹೊಲದ ಕಡೆ ತಿರುಗಿ ಸ್ವಲ್ಪ ಹೊತ್ತು ನೋಡಿದ.

"ಇಲ್ಲ ಕಣವ್ವ. ಬೆಚ್ಚಗವ್ರೆ."