ಹಿಂದಿನ ಸೀಟಿನ ಸಪ್ಪಳ

ಜೀಪಿನ ಹಿಂದಿನಿಂದ ಸಪ್ಪಳ ಬರುತ್ತದೆ ಎಂದು ಬಂದವರಲ್ಲಿ ನಗಿಸದೆ ಹೋದವರು ಕಡಿಮೆ. ಆದರೆ ಮೊದಲ ವರ್ಷ ನನಗೆ ನಗು ಬರುತ್ತಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನನ್ನ ಗಂಡ ತೀರಿಕೊಂಡರು. ಗದಗಿನ ಮುಂಡರಗಿ ರಸ್ತೆಯಲ್ಲಿ ಅವರದು ಕಮಾನ್ ಪಾಟಾ ಅಂಗಡಿ. ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳನ್ನು ಕಾಸಿ, ಬಡಿದು, ಕೂರಿಸುವ ಕೆಲಸ. ಅಂಗಡಿಯ ಕಾಗದ ಮಾತ್ರ ಗಂಡನ ಅಣ್ಣನ ಹೆಸರಿನಲ್ಲಿತ್ತು. ಆ ಭಾವ ನಾಲ್ಕು ಮಂದಿಯ ಮುಂದೆ ಅಂದರು:

"ಪಾಟಾ ಬಡಿಯೋದಂದ್ರ ರೊಟ್ಟಿ ಬಡದಂಗಲ್ಲವಾ. ನಿನ್ನ ಕೈಲೆ ಆಗಂಗಿಲ್ಲ. ಯುಗಾದಿಗೆ ಕೀಲಿ ಕೊಡು, ಗುಜರಿಯಾಂವ ಬಾಡಿಗಿಗೆ ಕೇಳ್ಯಾನ."

ಅವರು ಎಂದೂ ರೊಟ್ಟಿ ಬಡಿದವರಲ್ಲ, ಅದಕ್ಕೇ ಹಾಗಂದರು. ಹನ್ನೆರಡು ವರ್ಷ ಗಂಡನ ಎದುರು ನಿಂತು ಸುತ್ತಿಗೆ ಹೊಡೆದವಳು ನಾನು. ಓದು ಕಲಿತದ್ದೂ ಅಲ್ಲೇ, ಸಾಮಾನು ಸುತ್ತಿ ಬರುತ್ತಿದ್ದ ಪೇಪರಿನ ಚೂರುಗಳಲ್ಲಿ. ಯಾವ ಸುದ್ದಿಯ ಕೊನೆಯೂ ಸಿಗುತ್ತಿರಲಿಲ್ಲ, ಅಕ್ಷರ ಸಿಕ್ಕವು. ಕೀಲಿ ಕೊಡಲಿಲ್ಲ, ಅಂಗಡಿ ನಾನೇ ನಡೆಸಿದೆ.

ಬೀಸುಕಲ್ಲು

ಲಕ್ಷ್ಮೇಶ್ವರದ ಸಾಹುಕಾರರೊಬ್ಬರು ಜೀಪು ತಂದರು. ತಗ್ಗು ಸಿಕ್ಕಲ್ಲೆಲ್ಲ ಹಿಂದೆ ಧಡಲ್ ಅನ್ನುತ್ತಿತ್ತು. ಮೂರು ಕಡೆ ತೋರಿಸಿ ಬುಷ್ ಬದಲಿಸಿದ್ದರು, ಬೋಲ್ಟು ಬದಲಿಸಿದ್ದರು. ನೀವು ಓಡಿಸಿರಿ ಎಂದು ಹೇಳಿ ನಾನು ಹಿಂದೆ ತಗಡಿಗೆ ಕಿವಿ ಹಚ್ಚಿ ಮಲಗಿದೆ. ಪಕ್ಕದ ಊರು ನಾಗಾವಿ ಮುಟ್ಟುವುದರೊಳಗೆ ತಿಳಿಯಿತು. ಸೀಟಿನ ಕೆಳಗಿನ ಗೋಣಿಚೀಲ ಎಳೆದರೆ ಒಳಗೊಂದು ಬೀಸುಕಲ್ಲು.

ಸಾಹುಕಾರರು ಬಹಳ ಹೊತ್ತು ಯೋಚಿಸಿದರು. ಖಾಲಿ ಜೀಪು ಜಿಗಿಯುತ್ತದೆಂದು ಹಿಂದಿನ ವರ್ಷ ತಾವೇ ಭಾರಕ್ಕೆ ಇಡಿಸಿ ಮರೆತಿದ್ದರು. ಈಗ ಕಲ್ಲು ಇಳಿಸಿದರೆ ಮತ್ತೆ ಜಿಗಿಯುತ್ತದಲ್ಲ ಎಂಬ ಚಿಂತೆ ಅವರಿಗೆ. ಕೊನೆಗೆ ಆ ಜಾಗದಲ್ಲಿ ತಮ್ಮ ಗುಮಾಸ್ತರನ್ನು ಕೂರಿಸಿದರು. ಗುಮಾಸ್ತರೂ ದಾರಿಯುದ್ದಕ್ಕೂ ಸಪ್ಪಳ ಮಾಡುತ್ತಿದ್ದರಂತೆ, ಆದರೆ ಅದರ ರಿಪೇರಿಗೆ ಯಾರೂ ನನ್ನ ಹತ್ತಿರ ಬರಲಿಲ್ಲ.

ಮಿರ್ಚಿ ಎಣ್ಣೆ

ಬೆಟಗೇರಿಯ ಬಾಡಿಗೆ ಜೀಪಿನ ಡ್ರೈವರನದು ಕಿರ್ರ್ ಎನ್ನುವ ತಕರಾರು. ಪಾಟಾ ಬಿಚ್ಚಿ ತೊಳೆದು ಗ್ರೀಸ್ ಹಚ್ಚಬೇಕು, ಒಂದು ದಿನ ಬಿಟ್ಟು ಹೋಗು ಎಂದೆ. ಇಷ್ಟಕ್ಕೆ ಒಂದು ದಿನ ಯಾಕೆ, ನಾನೇ ಎಣ್ಣೆ ಬಿಡುತ್ತೇನೆ ಎಂದು ಹೋದ. ಮರುದಿನ ಮುಖ ಸಣ್ಣದು ಮಾಡಿಕೊಂಡು ಬಂದ. ಚಹಾದಂಗಡಿಯಲ್ಲಿ ಮಿರ್ಚಿ ಭಜಿ ಕರಿದು ಉಳಿದ ಎಣ್ಣೆ ಪುಕ್ಕಟೆ ಸಿಕ್ಕಿತೆಂದು ಅದನ್ನೇ ಸುರಿದಿದ್ದ. ಜೀಪಿನ ಹಿಂದೆ ಓಣಿಯ ಐದು ನಾಯಿ ನಾಲಿಗೆ ಚಾಚಿ ನಿಂತಿದ್ದವು.

"ಕಿರ್ ಅನ್ನೋದು ನಿಂತೈತ್ರಿ ಅಕ್ಕಾರ," ಅಂದ, "ಈಗ ಬೊಗಳಾಕ ಹತ್ತೈತಿ."

ಭಾವನ ಜೀಪು

ಯುಗಾದಿಗೆ ಎಂಟು ದಿನ ಉಳಿದಿತ್ತು. ಶಿರಹಟ್ಟಿಯಿಂದ ಭಾವ ಬಂದರು, ಕೀಲಿಗೆಂದು ತಿಳಿದೆ. ಅಲ್ಲ, ಅವರ ಜೀಪು ಸಪ್ಪಳ ಮಾಡುತ್ತಿತ್ತಂತೆ. ಹುಬ್ಬಳ್ಳಿಯ ಮಿಸ್ತ್ರಿಗಳು ಮೂರು ಸಲ ಓಡಿಸಿ ನೋಡಿ, ಏನೂ ಇಲ್ಲ ಎಂದು ಕಳಿಸಿದ್ದರು. ಭಾವನ ಎದುರು ನಿಂತು ಮಾತಾಡುವ ರೂಢಿ ನಮ್ಮ ಮನೆತನದಲ್ಲಿಲ್ಲ. ನಾನು ಜೀಪಿನ ಕೆಳಗೆ ಮಲಗಿದೆ. ಅಲ್ಲಿಂದ ಮುಖ ಕಾಣುವುದಿಲ್ಲ, ಏನು ಬೇಕಾದರೂ ಕೇಳಬಹುದು.

"ಸಪ್ಪಳ ಬಂದಾಗ ಹಿಂದ ಯಾರ್ ಕುಂತಿರ್ತಾರ್ರಿ?"

ಭಾವ ಕೆಮ್ಮಿದರು. ಆಮೇಲೆ ಸಣ್ಣ ದನಿಯಲ್ಲಿ, "ನಿಮ್ಮಕ್ಕ," ಅಂದರು.

ಅವರ ಹೆಂಡತಿ, ನನ್ನ ನೆಗೆಣ್ಣಿ, ದೊಡ್ಡ ಮೈಯವಳು. ಆಕೆಯಿಲ್ಲದೆ ರೋಗ ಸಿಗುವುದಿಲ್ಲ, ಕರೆದುಕೊಂಡು ಬರ್ರಿ ಎಂದೆ. ಮರುದಿನ ಆಕೆ ಬಂದು ಬಲಮೂಲೆಯಲ್ಲಿ ಕೂತಳು. ಹತ್ತು ಮಾರು ಹೋಗುವುದರೊಳಗೆ ಕಟ್ ಅಂದಿತು. ನೋಡಿದ್ರ್ಯಾ, ಈಕಿ ತೂಕಕ್ಕ ಪಾಟಾ ಅಳತೈತಿ ಎಂದು ಭಾವ ಸುತ್ತ ನಿಂತವರಿಗೆಲ್ಲ ಹೇಳಿದರು.

ನಾನು ಆಕೆಯನ್ನು ಇಳಿಸದೆ ಜೀಪಿಗೆ ಜ್ಯಾಕ್ ಕೊಟ್ಟು ಎತ್ತಿ, ಬೋಲ್ಟು ಬಿಚ್ಚಿದೆ. ಪಟ್ಟಿಗಳನ್ನು ಒಟ್ಟಿಗೆ ಬಿಗಿದ ಜಾಗದೊಳಗೆ, ಯಾರ ಕಣ್ಣಿಗೂ ಬೀಳದ ಕಡೆ, ಮುಖ್ಯ ಪಾಟಾ ಎರಡು ತುಂಡಾಗಿತ್ತು. ಮುರಿದ ಬಾಯಿಯಲ್ಲಿ ತುಕ್ಕು ಹಳೆಯದು. ಖಾಲಿ ಜೀಪಿನಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ, ಭಾರ ಬಿದ್ದರೆ ತೆರೆಯುತ್ತದೆ. ಅಕ್ಕನ ತೂಕದ ತಪ್ಪಲ್ಲ, ಯಾರು ಕುಳಿತರೂ ಇದೇ ಆಗುತ್ತಿತ್ತು ಎಂದು ಕೆಳಗಿನಿಂದಲೇ ಹೇಳಿದೆ.

ಮೇಲಿನಿಂದ ನೆಗೆಣ್ಣಿ ಗಂಡನಿಗೆ ಅಂದಳು: "ಆರು ತಿಂಗಳಾತು, ನಿನ್ನ ಭಾರಕ್ಕ ಜೀಪ್ ಮುರೀತೈತಿ ಅಂತ ನನ್ನ ಬಸ್ಸಿಗೆ ಹತ್ತಿಸಾಕತ್ತೀರಿ. ಹುಬ್ಬಳ್ಳಿ ಗಂಡಸರಿಗೆ ಸಿಗಲಾರದ್ದು ಈಕಿಗೆ ಸಿಕ್ತು. ಅಂಗಡಿ ಈಕಿ ಹೆಸರಿಗೆ ಬರದು ಸಹಿ ಹಾಕ್ರಿ. ಅಲ್ಲಿತನಕ ನಾ ಇಳಿಯಂಗಿಲ್ಲ."

ಭಾವ ಬೈದರು, ಬೇಡಿದರು, ಚಹಾ ತರಿಸಿದರು. ಆಕೆ ಕೂತಲ್ಲೇ ಚಹಾ ಕುಡಿದು ಇನ್ನೊಂದು ಕಪ್ಪು ಕೇಳಿದಳು. ಗುಜರಿಯವನೂ ನೋಡಲು ಬಂದು ನಿಂತ. ಕೊನೆಗೆ ಕಾಗದ ನಾನೇ ಬರೆದೆ, ಭಾವ ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿದರು. ಆಕೆ ಕಾಗದ ತರಿಸಿಕೊಂಡು, ಓದಲು ಬಾರದಿದ್ದರೂ ಎರಡು ಸಲ ತಿರುಗಿಸಿ ನೋಡಿ, ಇನ್ನ ನನ್ನ ಇಳಸ್ರಿ ಅಂದಳು.

ಈಗ ಆ ಅಂಗಡಿ ನನ್ನದು. ಎರಡು ಭಟ್ಟಿ, ಒಂದು ಹಳೆಯ ಜೀಪು, ಕಪಾಟಿನ ತುಂಬ ಕೊನೆಯಿರುವ ಪುಸ್ತಕಗಳೂ ನನ್ನವು. ಇದಕ್ಕೆಲ್ಲ ನಾನು ಕೊಟ್ಟದ್ದು, ಮಾರಿದ ಎರಡು ಬಂಗಾರದ ಪಾಟ್ಲಿ ಬಳೆ ಮತ್ತು ಸುತ್ತಿಗೆಯ ಸದ್ದಿಗೆ ಕಿವುಡಾದ ಬಲಗಿವಿ.