ಬ್ರೆಡ್ಡಪ್ಪನ ಉಲ್ಟಾ ಫೇಸು

"ಇರೋದೇ ಮೂರು ತಂತಿ! ಅದಕ್ಕೂ ಲೈನ್‌ಮನ್ ಬೇಕೇನೇ? ಯಾವುದಾದ್ರೂ ಎರಡನ್ನ ಅದಲುಬದಲು ಮಾಡಿದ್ರೆ ಮೋಟಾರು ಬಾಲ ಮುದುರಿಕೊಂಡು ಸರಿದಾರಿಗೆ ಬರತ್ತೆ. ಅವನನ್ನ ಕರೆಸಿದೆಯೋ, ಜೋಕೆ!"

ಹೀಗೆ ಘರ್ಜಿಸುವಾಗ ಬ್ರೆಡ್ಡಪ್ಪನ ಮುಖದ ತುಂಬ ಮೈದಾಹಿಟ್ಟು. ಮನೆಯ ಹಿಂದೆಯೇ ಅವನ ಬೇಕರಿ. ಅವನ ನಿಜವಾದ ಹೆಸರನ್ನು ಬೀದಿಯೇ ಮರೆತಿತ್ತು. ಬೆಳಿಗ್ಗೆ ಲೈನ್‌ಮನ್ ಬಂದು, ಕಂಬದಿಂದ ಮನೆಗೆ ಬರುವ ಹಳೇ ವೈರು ಕಿತ್ತು ಹೊಸದನ್ನು ಹಾಕಿಹೋಗಿದ್ದ. ಆಮೇಲೆ ಹಿಟ್ಟು ನಾದುವ ಯಂತ್ರದ ಗುಂಡಿ ಒತ್ತಿದ್ದೇ ತಡ, ಅದು ಹಿಂದುಮುಂದಾಗಿ ತಿರುಗಿ, ಹಿಟ್ಟನ್ನೆಲ್ಲ ಮೇಲಕ್ಕೆತ್ತಿ ಯಜಮಾನನ ಮುಖಕ್ಕೇ ಉಗುಳಿತ್ತು!

"ಫೇಸು ಉಲ್ಟಾ ಆಗಿದೆ ಕಣೇ!"

"ಕಾಣ್ತಾನೇ ಇದೆ. ಮೊದಲು ಒರೆಸ್ಕೊಳ್ಳಿ," ಎಂದಳು ಹೆಂಡತಿ.

"ನನ್ನ ಫೇಸಲ್ಲ, ಕರೆಂಟಿಂದು!"

ಸಂಜೆಯೊಳಗೆ ಹಾಸ್ಟೆಲಿಗೆ ಬ್ರೆಡ್ಡು ಹೋಗಬೇಕು. ಇವತ್ತೂ ತಡವಾದರೆ ಬೇರೆ ಬೇಕರಿ ನೋಡಿಕೊಳ್ಳುತ್ತೇವೆಂದು ಅಲ್ಲಿನ ಅಡುಗೆಯವರು ಆಗಲೇ ಎಚ್ಚರಿಸಿದ್ದರು. ಯೀಸ್ಟು ಬಿದ್ದ ಹಿಟ್ಟು ಯಾರಪ್ಪನ ಮಾತೂ ಕೇಳುವುದಿಲ್ಲ. ಅದು ಬುಸುಬುಸು ಉಬ್ಬತೊಡಗಿತ್ತು. ಬ್ರೆಡ್ಡಪ್ಪ ಮೇನ್ ಸ್ವಿಚ್ ಆರಿಸಿ, ಸ್ಕ್ರೂಡ್ರೈವರ್ ಹಿಡಿದು ರಣರಂಗಕ್ಕೆ ಇಳಿದ. ಹೆಂಡತಿ ಸದ್ದಿಲ್ಲದೆ ಮುಂಬಾಗಿಲಿಗೆ ಹೋಗಿ ಲೈನ್‌ಮನ್‌ಗೆ ಫೋನು ಹಚ್ಚಿದಳು.

ಎರಡು ತಂತಿ ಬದಲಾಯಿತು. ಮೇನ್ ಹಾಕಿ ಗುಂಡಿ ಒತ್ತಿದ. ಥಪ್! ಹಿಟ್ಟಿನ ಮುದ್ದೆ ಈ ಸಲ ಅಂಗಿಯ ಮೇಲೆ.

"ಇನ್ನೂ ಉಲ್ಟಾನೇ!" ಎಂದು ಕೂಗಿ, ಹಲ್ಲು ಕಡಿಯುತ್ತ ಮತ್ತೆ ಮೇನ್ ಆರಿಸಿದ. ಹೆಂಡತಿ ಓಡಿಹೋಗಿ ಹೊರಗೆ ಏನೋ ಹೇಳಿ ಬಂದಳು. ಅವನು ಮತ್ತೆ ಎರಡು ತಂತಿ ಬದಲಿಸಿದ, ಮತ್ತೆ ಗುಂಡಿ ಒತ್ತಿದ. ಥಪ್! ಈಗ ಗೋಡೆಗೆ. ಹೆಂಡತಿ ಮತ್ತೊಮ್ಮೆ ಹೊರಗೆ ಓಡಿಹೋಗಿ ಬಂದಳು.

"ಹಾಳಾದ್ದು! ವಿಜ್ಞಾನವೇ ಸುಳ್ಳಾ? ಪುಸ್ತಕ ಬರೆದೋರೆಲ್ಲ ಸೇರಿ ನನ್ನ ತಲೆ ಮೇಲೆ ಮೆಣಸು ಅರೆದ್ರಾ?"

ಬೋಗುಣಿಯ ಅಂಚು ದಾಟಿ ಹಿಟ್ಟು ಇಣುಕುತ್ತಿತ್ತು. ಬ್ರೆಡ್ಡಪ್ಪ ಮೈದಾಚೀಲದ ಮೇಲೆ ಕುಸಿದು ಕೂತ.

"ಆಯ್ತು ಮಾರಾಯ್ತಿ, ಸೋತೆ. ಆ ಲೈನ್‌ಮನ್‌ನ ಕರಿ."

ಹೆಂಡತಿ ಸೆರಗಿನ ತುದಿ ತಿರುವಿದಳು. "ಅವನು ಆಗಿನಿಂದ ಕಂಬದ ಮೇಲೇ ಇದ್ದಾನೆ ರೀ."

"ಕಂಬದ ಮೇಲೆ? ಏನು ಮಾಡ್ತಾ?"

ಅಷ್ಟರಲ್ಲಿ ಲೈನ್‌ಮನ್ನೇ ಬೆವರೊರೆಸಿಕೊಳ್ಳುತ್ತ ಒಳಗೆ ಬಂದ. "ಇದೆಂಥ ಮೋಟಾರಣ್ಣ! ಮೇಲೆ ಎರಡು ಸಲ ತಂತಿ ಬದಲಾಯಿಸಿದೆ. ಎರಡು ಸಲಾನೂ ಅಕ್ಕ ಬಂದು ಇನ್ನೂ ಉಲ್ಟಾ ಅಂತಾರೆ!"

ಬ್ರೆಡ್ಡಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿದ. ಲೈನ್‌ಮನ್ನೂ ಅದನ್ನೇ ನೋಡಿದ. ಇವನು ಕೆಳಗೆ ಸರಿಮಾಡುವುದು, ಅವನು ಮೇಲೆ ಸರಿಮಾಡುವುದು; ಎರಡು ಸರಿ ಸೇರಿ ಪ್ರತಿಸಲವೂ ಒಂದು ತಪ್ಪು!

"ಹೇಳಬಾರದಿತ್ತೇನೇ?"

"ಕರೆಸಿದ್ರೆ ಜೋಕೆ ಅಂದ್ರಲ್ಲ! ಏಳಬೇಡಿ, ಅಲ್ಲೇ ಕೂತಿರಿ. ಅದನ್ನ ಇತ್ತ ಕೊಡಿ," ಎಂದು ಸ್ಕ್ರೂಡ್ರೈವರ್ ಕಿತ್ತುಕೊಂಡಳು. ಲೈನ್‌ಮನ್ ಇನ್ನೊಮ್ಮೆ ಕಂಬ ಹತ್ತಿ ಇಳಿದ. ಅವಳೇ ಗುಂಡಿ ಒತ್ತಿದಳು. ಯಂತ್ರ ಗುರ್ರೆಂದು, ಒಳ್ಳೇ ಸೊಸೆಯ ಹಾಗೆ ಹಿಟ್ಟನ್ನೆಲ್ಲ ಒಳಗೆಳೆದುಕೊಂಡು ನಾದತೊಡಗಿತು.

ಆ ಹೊತ್ತಿಗೆ ಹಾಸ್ಟೆಲಿನ ಅಡುಗೆಯವರ ಫೋನು. "ಬ್ರೆಡ್ಡು ಬರತ್ತೋ ಇಲ್ವೋ? ಮೋಟಾರು ಕೆಟ್ಟಿತ್ತಂತೆ, ಏನು ರಿಪೇರಿ ಮಾಡಿಸಿದ್ರಿ?"

"ಬರತ್ತೆ, ಬರತ್ತೆ. ರಿಪೇರಿ ಹೆಚ್ಚೇನಿಲ್ಲ," ಎಂದಳು ಹೆಂಡತಿ. "ನಮ್ಮನೆಯವರನ್ನ ಕೈಕಟ್ಟಿ ಕೂರಿಸಿದ್ವಿ, ಸರಿಹೋಯ್ತು!"