ಕೆಟ್ಟ ವಸ್ತು ತರಬೇಕೆಂಬ ಸುತ್ತೋಲೆಯ ವಿಚಾರ

ಪ್ರೌಢಶಾಲೆಯ ಎಲೆಕ್ಟ್ರಾನಿಕ್ಸ್ ತರಬೇತಿ ವಿಭಾಗದ ಮೇಷ್ಟ್ರಿಗೆ, ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ಅಜ್ಜಿ ಕೈಮುಗಿದು ಬರೆಯುವ ಬಹಿರಂಗ ಪತ್ರ.

ಮಾನ್ಯರೇ,

ತಾವೂ ತಮ್ಮ ಮೂವತ್ತು ಶಿಷ್ಯರ ಮುನ್ನೂರು ಬೆರಳುಗಳೂ ಬೆಸುಗೆ ಕಡ್ಡಿಗೆ ಸಿಕ್ಕದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಬೇರೆ ಪೋಷಕರಿಗೂ ಉಪಯೋಗವಾಗಲೆಂದು ಈ ಪತ್ರವನ್ನು ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸಲು ನನ್ನದೇನೂ ಅಡ್ಡಿಯಿಲ್ಲ.

ಶನಿವಾರದ ಪ್ರಾಯೋಗಿಕ ಪರೀಕ್ಷೆಗೆ ಪ್ರತಿಯೊಬ್ಬರೂ ಸ್ವಂತ ಮನೆಯಲ್ಲಿ ಕೆಟ್ಟಿರುವ ಒಂದು ವಸ್ತುವನ್ನು ತಂದು ರಿಪೇರಿ ಮಾಡಿ ತೋರಿಸಬೇಕು, 'ಇದು ನಮ್ಮ ಮನೆಯಲ್ಲಿ ಕೆಟ್ಟಿರುವುದು ನಿಜ' ಎಂದು ಮನೆಯವರು ಸಹಿ ಹಾಕಬೇಕು, ತರದವರಿಗೆ ಸೊನ್ನೆ, ಸೊನ್ನೆ ಬಂದವರಿಗೆ ಸರ್ಟಿಫಿಕೇಟ್ ಇಲ್ಲ ಎಂಬ ತಮ್ಮ ಸುತ್ತೋಲೆಯನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ನನ್ನ ಮನೆಯಲ್ಲಿ ಯಾವುದೂ ಕೆಡುವುದಿಲ್ಲವೆಂಬುದು ಬೀದಿಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ನಾನೇ ಹೇಳಿದ್ದೇನೆ. ನಲವತ್ತು ವರ್ಷ ಎಲ್ಲವನ್ನೂ ಜೋಪಾನ ಮಾಡಿದ್ದಕ್ಕೆ ಮೊಮ್ಮಗಳಿಗೆ ಸೊನ್ನೆ ಸಿಗುವುದೆಂದು ಮೊದಲೇ ತಿಳಿದಿದ್ದರೆ ವಾರಕ್ಕೊಂದನ್ನಾದರೂ ನೆಲಕ್ಕೆ ಬಡಿಯುವ ಅಭ್ಯಾಸ ಇಟ್ಟುಕೊಳ್ಳುತ್ತಿದ್ದೆ.

ತಮ್ಮ ತರಬೇತಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಸೂಜಿಗೆ ದಾರ ಪೋಣಿಸಲು ಸೋಮಾರಿತನ ಮಾಡುತ್ತಿದ್ದ ಹುಡುಗಿ ಈಗ ಕೂದಲೆಳೆಯಂಥ ತಂತಿಯನ್ನು ಉಸಿರು ಬಿಗಿಹಿಡಿದು ಬೆಸೆಯುತ್ತಾಳೆ. ಊಟದ ಮೇಜಿನ ಬಟ್ಟೆಗೂ ಗಾಳಿಯಾಡಲು ಮೂರು ತೂತುಗಳಾಗಿವೆ. ಸುತ್ತೋಲೆ ಬಂದ ದಿನವೇ ಅವಳು ಮೀಟರ್ ಹಿಡಿದು ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಕರೆಗಂಟೆ, ಟಾರ್ಚುಗಳ ನಾಡಿ ನೋಡಿ ಒಂದೊಂದಕ್ಕೂ 'ಸರಿಯಿದೆ' ಎಂದು ಬರೆದುಕೊಂಡಳು. ನನ್ನ ಎದೆ ಉಬ್ಬುತ್ತ ಹೋಯಿತು, ಅವಳ ಮುಖ ಇಳಿಯುತ್ತ ಹೋಯಿತು. ಬೇಕಾದರೆ ಮಿಕ್ಸಿಯನ್ನು ಕೈಜಾರಿಸಿ ಕೊಡುತ್ತೇನೆಂದು ಸೊಸೆ ಮುಂದೆ ಬಂದಳು. ಹೊಸದರ ಮೇಲೆ ಅವಳಿಗೆ ಎಷ್ಟು ಆಸೆಯಿತ್ತೆಂದು ಆಗ ತಿಳಿಯಿತು. ಪಕ್ಕದ ಮನೆಯ ದರ್ಜಿ ತನ್ನ ಕೆಟ್ಟ ಇಸ್ತ್ರಿಪೆಟ್ಟಿಗೆಯನ್ನು ಕೊಡಲು ಬಂದ. ಎರಡೂ ಮೋಸವೆಂದು ಹುಡುಗಿ ಒಪ್ಪಲಿಲ್ಲ. ಆದ್ದರಿಂದ ಶುಕ್ರವಾರದೊಳಗೆ ತಾನಾಗಿ ಕೆಡತಕ್ಕದ್ದೆಂದು ನಮ್ಮ ಕರೆಗಂಟೆಗೂ ತಾವೊಂದು ಸುತ್ತೋಲೆ ಕಳಿಸಬೇಕು, ಅದು ಮಾತು ಕೇಳದಿದ್ದರೆ ಏನೂ ಕೆಡದ ಮನೆಗಳ ಮಕ್ಕಳಿಗೆಂದೇ ಪ್ರತ್ಯೇಕ ಪ್ರಥಮ ದರ್ಜೆಯೊಂದನ್ನು ಸ್ಥಾಪಿಸಬೇಕು ಎಂದು ಕೋರುವುದು ಈ ಪತ್ರದ ಉದ್ದೇಶವಾಗಿತ್ತು.

ಇಷ್ಟು ಬರೆಯುವ ಹೊತ್ತಿಗೆ ನಡುಕೋಣೆಯ ಕಪಾಟಿನ ಮೇಲಿನ ರೇಡಿಯೋವನ್ನು ಅವಳು ಪರೀಕ್ಷಿಸಿಯೇ ಇಲ್ಲವೆಂಬುದು ನೆನಪಾಯಿತು. ಈಗಿನ ಕಾರ್ಯಕ್ರಮಗಳು ಕೇಳುವಂತಿಲ್ಲವೆಂದು ನಾನು ಎರಡು ವರ್ಷದಿಂದ ಕೈಬಿಟ್ಟಿರುವ, ಯಾರೂ ಮುಟ್ಟಕೂಡದೆಂದು ಆಜ್ಞೆ ಮಾಡಿರುವ ರೇಡಿಯೋ ಅದು. ನನ್ನ ಭಯಕ್ಕೆ ಅದನ್ನು ಬಿಟ್ಟೆಯಾ ಎಂದು ಕೇಳಿದೆ. ಅವಳು ಪುಸ್ತಕದಿಂದ ತಲೆಯೆತ್ತದೆ, "ಆವತ್ತು ಧೂಳು ಒರೆಸುವಾಗ ಅದು ನಿಮ್ಮ ಕೈಯಿಂದ ಬಿತ್ತಲ್ಲ ಅಜ್ಜಿ, ಆಗ ನಾನು ಬಾಗಿಲ ಹತ್ರಾನೇ ಇದ್ದೆ. ನೀವಾಗೇ ಕೊಟ್ರೆ ತಗೊಂಡು ಹೋಗ್ತೀನಿ. ಇಲ್ಲಾಂದ್ರೆ ಸೊನ್ನೆನೇ ಬರ್ಲಿ ಬಿಡಿ" ಎಂದಳು.

ಎರಡು ವರ್ಷ, ಮಾನ್ಯರೇ. ನಾನು ರೇಡಿಯೋದವರ ಅಭಿರುಚಿಯನ್ನು ಬೈದಾಗಲೆಲ್ಲ ಈ ಹುಡುಗಿ ಗಂಭೀರವಾಗಿ ತಲೆದೂಗುತ್ತ ಊಟ ಮಾಡುತ್ತಿದ್ದಳು. ದೋಷ ಹುಡುಕುವುದನ್ನು ತಾವು ಕಲಿಸಿದ್ದೀರಿ, ಸಂತೋಷ. ಹುಡುಕಿದ ಮೇಲೆ ಬಾಯಿ ಬಿಗಿಹಿಡಿದಿರುವುದು ತಮ್ಮ ಪಠ್ಯದಲ್ಲಿ ಎಷ್ಟನೆಯ ಪಾಠವೆಂದು ದಯವಿಟ್ಟು ತಿಳಿಸಿ. ಇಲ್ಲವೆಂದಾದರೆ ಅದಕ್ಕೂ ಅಂಕ ಕೊಡತಕ್ಕದ್ದು.

ರೇಡಿಯೋವನ್ನು ಟವೆಲಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟಿದ್ದೇನೆ. ಅಲ್ಲಾಡಿಸಿದರೆ ಒಳಗೆ ಗಲಗಲ ಎನ್ನುತ್ತದೆ. ಇದು ನಮ್ಮ ಮನೆಯಲ್ಲಿ ಕೆಟ್ಟಿರುವುದು ನಿಜ. ಕೆಡಿಸಿದವಳು ನಾನು. ಸಹಿ ಹಾಕಿದ್ದೇನೆ.

ತಮ್ಮ ವಿಶ್ವಾಸಿ,
ಮನೆಯ ಯಜಮಾನಿ

ವಿ.ಸೂ.: ಸಹಿಯ ಜಾಗದಲ್ಲಿ ತಾವು 'ತಂದೆಯ ಸಹಿ' ಎಂದು ಅಚ್ಚು ಹಾಕಿಸಿದ್ದೀರಿ. ಅದನ್ನು ಹೊಡೆದುಹಾಕಿ 'ಅಜ್ಜಿಯ ಸಹಿ' ಎಂದು ತಿದ್ದಿದ್ದೇನೆ. ತಂದೆಯಾದವನು ಪಕ್ಕದಲ್ಲೇ ನಿಂತು ಪೆನ್ನು ಕೊಟ್ಟ. ಮುಂದಿನ ಸಲ ಅಚ್ಚಿಗೆ ಕಳಿಸುವ ಮುನ್ನ ಇಂಥ ದೋಷಗಳಿವೆಯೇ ಎಂದು ನನ್ನ ಮೊಮ್ಮಗಳಿಗೆ ತೋರಿಸಿ. ಅವಳು ಯಾರಿಗೂ ಹೇಳುವುದಿಲ್ಲ.